ನಸುಕಿನ ನಾಲ್ಕು ಗಂಟೆಗೆ ಬಾಟಲಿ ಕೊಡುವವರು ಯಾರು?

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಅಂಗನವಾಡಿ ಟೀಚರ್ ಹೇಳಿದರೆಂದು ಆಕೆ ಬಂದಿದ್ದರು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಜೊತೆಗೆ ಮೂರೂವರೆ ವರ್ಷದ ಮಗ. ಹಲ್ಲಿನ ಮಾತನ್ನು ಮೊದಲು ಎತ್ತಲೇ ಇಲ್ಲ. "ನಿದ್ದೇನೇ ಇಲ್ರಿ ಮೇಡಂ" ಎಂದರು. ರಾತ್ರಿಯೆಲ್ಲ ಹುಡುಗ ಅಳುತ್ತಾನೆ, ನಸುಕಿಗೇ ಎದ್ದು ಭಟ್ಟಿಗೆ ಹೋಗಬೇಕು.

ಆಮೇಲೆ ನಿಧಾನಕ್ಕೆ ಹೊರಬಂತು. ಮೂರು ತಿಂಗಳ ಹಿಂದೆ ಒಂದು ಕಡೆ ಹಲ್ಲು ತೋರಿಸಲು ಹೋಗಿದ್ದರಂತೆ. "ಮಗುವಿನ ಹಲ್ಲು ಉಜ್ಜೋಕೂ ಟೈಮ್ ಇಲ್ವಾ ನಿಮಗೆ?" ಎಂದು ಎಲ್ಲರೆದುರು ಬೈಸಿಕೊಂಡರು. ಮತ್ತೆ ಆ ಕಡೆ ತಲೆ ಹಾಕಿಲ್ಲ. ಊರಲ್ಲಿ ಎರಡು ದಂತ ಕಾಲೇಜುಗಳಿವೆ. ಆದರೆ ಹೋದ ದಿನ ಕೂಲಿ ಇಲ್ಲ, ಮೇಲೆ ಬೈಗುಳ ಬೇರೆ.

ಹುಡುಗ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಆ ವಯಸ್ಸಿಗೇ! ಮೇಲಿನ ನಾಲ್ಕು ಮುಂದಿನ ಹಲ್ಲು ಕಂದು ಬಣ್ಣದ ಮೋಟುಗಳಾಗಿದ್ದವು. ಕೆಳಗಿನವು ಮಾತ್ರ ಮಂಡಕ್ಕಿಯಷ್ಟು ಬೆಳ್ಳಗೆ. ಹೀಗೆ ಕಂಡರೆ ಹಲ್ಲಿನ ಡಾಕ್ಟರಿಗೆ ಮೊದಲು ಬಾಟಲಿಯ ಮೇಲೇ ಅನುಮಾನ. ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋದರೆ ಸಿಹಿ ಹಾಲು ಮೇಲಿನ ಹಲ್ಲಿನ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಪಾಡುತ್ತದೆ. ನಿದ್ದೆಯಲ್ಲಿ ಜೊಲ್ಲು ಕಮ್ಮಿ, ತೊಳೆದುಹೋಗುವುದೂ ಇಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಆ ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇದನ್ನೆಲ್ಲ ಆ ತಾಯಿಗೇ ಹೇಳಿ ಕಳಿಸಿದೆ. ಆಕೆ ತಲೆ ತಗ್ಗಿಸಿ ಕೇಳಿಕೊಂಡು ಹೋದರು. ಎರಡು ವಾರ ಕಳೆದರೂ ಏನೂ ಬದಲಾಗಿರಲಿಲ್ಲ. "ನಾಲ್ಕು ಗಂಟೆಗೆ ಮಗು ಎದ್ದರೆ ಯಾರು ನೋಡ್ಕೋತಾರೆ?" ಎಂದು ಆಗ ಕೇಳಿದೆ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ.

ನೋಡಿಕೊಳ್ಳುವುದು ಅಜ್ಜಿ. ಒಂದೇ ಕೋಣೆ, ಐದು ಜನ. ಅಪ್ಪ ಆಟೋ ಓಡಿಸಿ ನಡುರಾತ್ರಿ ಬಂದು ಮಲಗಿರುತ್ತಾರೆ. ಮಗು ಅತ್ತರೆ ಎಲ್ಲರಿಗೂ ಎಚ್ಚರ. ಅದಕ್ಕೇ ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಬಾಟಲಿ. ಹಗಲಲ್ಲಿ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಪೆಪ್ಪರ್‌ಮೆಂಟು.

ಬಡವರ ಮನೆಯ ಮಕ್ಕಳಲ್ಲಿ ಹುಳುಕು ಹಲ್ಲು ಜಾಸ್ತಿ ಎಂಬುದು ಎಷ್ಟೋ ದೇಶಗಳಲ್ಲಿ ಕಂಡ ಸತ್ಯ. ತಕ್ಷಣ ನಾವು "ತಿಳುವಳಿಕೆ ಇಲ್ಲ" ಅಂದುಬಿಡುತ್ತೇವೆ. ನನಗದು ಒಪ್ಪಿಗೆಯಿಲ್ಲ. ಈ ತಾಯಿಗೆ ಎಲ್ಲ ಗೊತ್ತಿತ್ತು. ಆದರೆ ಆ ಹೊತ್ತಿಗೆ ಆಕೆ ಮನೆಯಲ್ಲೇ ಇರುತ್ತಿರಲಿಲ್ಲ.

ಮುಂದಿನ ಸಲ ಅಜ್ಜಿಯೂ ಬಂದರು. "ಬೀಳೋ ಹಲ್ಲು ಅಲ್ವೇನವ್ವಾ, ಹೋದ್ರೆ ಹೋಯ್ತು. ಇದು ನೀರಿಂದು. ನಮ್ ಜಗಳೂರು ಕಡೆ ಎಲ್ರ ಹಲ್ಲೂ ಹಿಂಗೇ."

ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಜಗಳೂರು ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಒಳಗೆ ರೂಪುಗೊಳ್ಳುವ ಚಿಕ್ಕ ವಯಸ್ಸಿನಲ್ಲಿ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ. ಅದು ಹೆಚ್ಚಾಗಿ ಕಾಣುವುದು ಹಾಲುಹಲ್ಲು ಬಿದ್ದ ಮೇಲೆ ಬರುವ ಹಲ್ಲುಗಳಲ್ಲಿ. ಮೊಮ್ಮಗ ಹುಟ್ಟಿ ಬೆಳೆದದ್ದು ನಗರದಲ್ಲಿ, ಕುಡಿದದ್ದು ನಲ್ಲಿ ನೀರು. ಅವನದು ಹುಳುಕು. ಇನ್ನು ಬೀಳುವ ಹಲ್ಲಿನ ಮಾತು. ಹಿಂದಿನ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. "ಅಲ್ಲೀವರೆಗೆ ರೊಟ್ಟಿ ಯಾವುದರಲ್ಲಿ ಅಗೀತಾನೆ ಅಜ್ಜಿ?" ಎಂದೆ. ಅಜ್ಜಿ ಸುಮ್ಮನಾದರು. ಅವರ ಬಾಯಲ್ಲೂ ಹಲ್ಲು ನಾಲ್ಕೈದೇ ಇದ್ದವು.

ಬಾಟಲಿ ಇವತ್ತೇ ಬಿಸಾಕಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೂ ನಡೆಯುತ್ತಿರಲಿಲ್ಲ. ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ ದಿನದಿನಕ್ಕೂ ಹಾಲು ಕಮ್ಮಿ, ನೀರು ಜಾಸ್ತಿ. ಎರಡು ವಾರದಲ್ಲಿ ಬಾಟಲಿಯಲ್ಲಿ ಬರೀ ನೀರಿರಲಿ. ಹಾಲನ್ನು ಹಗಲಲ್ಲಿ ಲೋಟದಲ್ಲಿ ಕೊಡಿ. ಸಿಹಿ ಕೊಡುವುದಾದರೆ ಊಟದ ಜೊತೆಗೇ ಕೊಟ್ಟು ಮುಗಿಸಿ. ಎಷ್ಟು ತಿಂದ ಅನ್ನುವುದಕ್ಕಿಂತ ಎಷ್ಟು ಸಲ ತಿಂದ ಅನ್ನುವುದು ಹಲ್ಲಿಗೆ ಮುಖ್ಯ. ಇದ್ದಿಲು, ಬೂದಿ ಬೇಡ. ದುಬಾರಿ ಪೇಸ್ಟೂ ಬೇಡ. ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಎಂದಿದ್ದರೆ ಸಾಕು. ಬಟಾಣಿ ಕಾಳಿನಷ್ಟು ಹಾಕಿ, ದೊಡ್ಡವರೇ ಉಜ್ಜಿ, ನುಂಗದಂತೆ ಉಗುಳಿಸಿ. ಬೆಳಿಗ್ಗೆ ಅಜ್ಜಿ, ರಾತ್ರಿ ತಾಯಿ ಎಂದು ಅವರೇ ಹಂಚಿಕೊಂಡರು.

ತಾಯಿಗೆ ಬೇರೆಯಾಗಿ ಹೇಳಿದ್ದು ಒಂದೇ: ಇದು ನಿಮ್ಮೊಬ್ಬರ ತಪ್ಪಲ್ಲ. ಆಕೆ ಅತ್ತರು. ಅವತ್ತಿನ ಅರ್ಧ ಹೊತ್ತು ಅದಕ್ಕೇ ಹೋಯಿತು.

ನೋವಿಗೆ ಡಾಕ್ಟರೇ ಬೇಕಿತ್ತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಪರೀಕ್ಷಿಸುತ್ತಾರೆ, ಹುಳುಕು ಹಲ್ಲೂ ಆ ಪಟ್ಟಿಯಲ್ಲಿದೆ. ಆ ತಂಡದ ಚೀಟಿ ಹಿಡಿದು ಹೋದರು, ಈ ಸಲ ಅಂಗನವಾಡಿ ಟೀಚರ್ ಜೊತೆಗಿದ್ದರು. ಕೀವಾಗಿದ್ದ ಎರಡು ಹಲ್ಲು ಕಿತ್ತರು. ಉಳಿದವಕ್ಕೆ ಹುಳುಕು ನಿಲ್ಲಿಸುವ ಬೆಳ್ಳಿಯ ದ್ರವ ಹಚ್ಚಿದರು. ಹಚ್ಚಿದ ಕಡೆ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಯಾರೂ ಗಾಬರಿಯಾಗಲಿಲ್ಲ.

ಈಗ ಹುಡುಗ ರಾತ್ರಿ ಮಲಗುತ್ತಾನೆ. ಬಾಟಲಿ ಬಿಟ್ಟಿದ್ದಾನೆ. ಪೆಪ್ಪರ್‌ಮೆಂಟು ಮಾತ್ರ ನಿಂತಿಲ್ಲ. ಆಟೋ ನಿಲ್ಲಿಸಿ ಅಪ್ಪ ತಂದುಕೊಡುತ್ತಾರಂತೆ. ಇಷ್ಟು ದಿನ ಅಪ್ಪನನ್ನು ಯಾರೂ ಕರೆದಿರಲಿಲ್ಲ, ನಾನೂ ಸೇರಿ. ಮುಂದಿನ ಸಲ ಅವರೂ ಬರಲಿ ಎಂದಿದ್ದೇನೆ.