8ಕೆ ವಿಡಿಯೊದಿಂದಲೇ ಫೋಟೊ ತೆಗೆಯಬಹುದಾದರೆ ಸ್ಟಿಲ್ ಕ್ಯಾಮೆರಾ ಮಾರಿಬಿಡಲಾ?

ದಯವಿಟ್ಟು ಮಾರಬೇಡಿ. ಮದುವೆಯನ್ನು ಪೂರ್ತಿ 8ಕೆಯಲ್ಲಿ ಶೂಟ್ ಮಾಡಿ, ಆಲ್ಬಂಗೆ ಬೇಕಾದ ಫ್ರೇಮ್ ಆಮೇಲೆ ಆರಿಸಿಕೊಂಡರೆ ಆಯ್ತಲ್ವಾ ಅಂತ ಕೇಳಿದ್ದೀರಿ. ನಾನು ಯಾರನ್ನೂ ಕೇಳದೆ ಅದನ್ನೇ ಮಾಡಿದೆ.

2022ನೇ ಇಸವಿ. ಲೆಕ್ಕ ನನಗೂ ನಿಮಗೆ ಕಂಡಷ್ಟೇ ಚೆನ್ನಾಗಿ ಕಂಡಿತ್ತು. ಫುಲ್ ಎಚ್‌ಡಿ ಫ್ರೇಮ್ ಅಂದರೆ 2 ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ), 4ಕೆ ಅಂದರೆ 8, 8ಕೆ ಅಂದರೆ 33. ಆಲ್ಬಂನ 12×18 ಇಂಚಿನ ಪುಟಕ್ಕೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಬೇಕಾಗುವುದು 20ರ ಒಳಗೆ. ಕೈತುಂಬ ಉಳಿಯಿತು ಅಂದುಕೊಂಡೆ. ಸ್ಟಿಲ್ ಬಾಡಿ, ಎರಡು ಫ್ಲಾಶ್, ಒಂದು ಲೆನ್ಸ್ ಮಾರಿದೆ. ಜೊತೆಗೆ ಸ್ಟಿಲ್ ತೆಗೆಯಲು ಬರುತ್ತಿದ್ದ ಹುಡುಗನಿಗೆ ಇನ್ಮೇಲೆ ಬೇಡ ಅಂದೆ.

ಮೊದಲ ಮದುವೆ ಬಸವನಗುಡಿಯ ಒಂದು ಹಳೇ ಛತ್ರದಲ್ಲಿ. ಬೆಳಗಿನ ಜಾವದ ಮುಹೂರ್ತ. ಅಂತರಪಟ ಸರಿಯಿತು, ಗಟ್ಟಿಮೇಳ ಶುರುವಾಯಿತು, ಹುಡುಗ ಹುಡುಗಿ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಟ್ಟರು, ನಾಲ್ಕೂ ಕಡೆಯಿಂದ ಅಕ್ಷತೆ ಬಿತ್ತು. ಎಲ್ಲ ಸೇರಿ ಮೂರು ಸೆಕೆಂಡು. ಸೆಕೆಂಡಿಗೆ 25ರಂತೆ 75 ಫ್ರೇಮ್ ಸಿಕ್ಕಿತು. ಸ್ಟಿಲ್‌ನಲ್ಲಾಗಿದ್ದರೆ ಹತ್ತೋ ಹದಿನೈದೋ ಸಿಗುತ್ತಿತ್ತು ಅಂತ ಖುಷಿಪಟ್ಟೆ.

ರಾತ್ರಿ ಮಾನಿಟರ್‌ನಲ್ಲಿ ಒಂದೊಂದೇ ಫ್ರೇಮ್ ಸರಿಸುತ್ತಾ ಹೋದೆ. 75ರಲ್ಲಿ ಒಂದೂ ಕೆಲಸಕ್ಕೆ ಬರುವಂತಿರಲಿಲ್ಲ. ಹುಡುಗಿಯ ಮುಖ ಚೆನ್ನಾಗಿತ್ತು. ಕೈ ಮಾತ್ರ ಹೊಗೆ. ವೀಳ್ಯದೆಲೆಯ ಅಂಚೇ ಇಲ್ಲ. ಅಕ್ಷತೆ ಕಾಳುಗಳು ಕಾಳಾಗಿ ಉಳಿದಿರಲಿಲ್ಲ, ಮುಖದ ಮೇಲೆಲ್ಲ ಉದ್ದುದ್ದ ಹಳದಿ ಗೀರು.

ತಪ್ಪು ಎಲ್ಲಾಯಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನೀವೂ ಅಲ್ಲೇ ಎಡವುತ್ತೀರಿ.

ನನ್ನ ಶಟರ್ 1/50ರಲ್ಲಿತ್ತು, ಅಂದರೆ ಪ್ರತಿ ಫ್ರೇಮಿಗೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ಬೆಳಕು. ವಿಡಿಯೊ ಮಾಡುವವರೆಲ್ಲ ಇಡುವುದೇ ಅಷ್ಟು. ಫಿಲ್ಮ್ ಕ್ಯಾಮೆರಾ ಕಾಲದಲ್ಲಿ ಶಟರ್ ಅಂದರೆ ತಿರುಗುವ ತಟ್ಟೆ. ಅದರ ಅರ್ಧ ತೆರೆದಿರುತ್ತಿತ್ತು, ಅಂದರೆ 180 ಡಿಗ್ರಿ. ಹಾಗಾಗಿ ಪ್ರತಿ ಫ್ರೇಮಿಗೆ ಅದರ ಅರ್ಧ ಹೊತ್ತು ಬೆಳಕು ಬೀಳುತ್ತಿತ್ತು. ಸೆಕೆಂಡಿಗೆ 25 ಫ್ರೇಮ್ ಆದರೆ 1/50. ಹಾಗೆ ಬರುವ ಸ್ವಲ್ಪ ಮಸುಕು ಇದ್ದರೇ ನಮ್ಮ ಕಣ್ಣಿಗೆ ಓಟ ನಯವಾಗಿ ಕಾಣುತ್ತದೆ. ಈಗ ಕೈಯ ಲೆಕ್ಕ ಹಾಕಿ. ಕೈ ಸೆಕೆಂಡಿಗೆ ಒಂದು ಮೀಟರ್ ಸರಿದರೆ 1/50ರಲ್ಲಿ ಎರಡು ಸೆಂಟಿಮೀಟರ್ ಸರಿದಿರುತ್ತದೆ. ಎರಡು ಸೆಂಟಿಮೀಟರ್ ಅಂದರೆ ಒಂದು ಬೆರಳಿನ ಅಗಲ! ಅಕ್ಷತೆ ಅದರ ಮೂರರಷ್ಟು ವೇಗದಲ್ಲಿ ಬಂದರೆ ಆರು ಸೆಂಟಿಮೀಟರ್ ಗೀರು. ಇದಕ್ಕೆ 33 ಮೆಗಾಪಿಕ್ಸೆಲ್ ಇರಲಿ, 330 ಇರಲಿ, ಗೀರು ಇನ್ನೂ ಚೆನ್ನಾಗಿ ಕಾಣುತ್ತದೆ ಅಷ್ಟೇ.

ಹಾಗಾದರೆ ಶಟರ್ 1/500 ಇಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಮುಂದಿನ ಮದುವೆಯಲ್ಲಿ ಇಟ್ಟು ನೋಡಿದೆ. ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಐಎಸ್ಒ, ಅಂದರೆ ಕಡಿಮೆ ಬೆಳಕಲ್ಲೂ ಚಿತ್ರ ಬೆಳಗಿಸುವ ಸೆಟ್ಟಿಂಗ್, ಏರಿಸಿದರೆ ರೇಷ್ಮೆ ಸೀರೆಯ ಮೇಲೆಲ್ಲ ಒರಟು ಚುಕ್ಕಿ. ಮಂಟಪದ ಸೀರಿಯಲ್ ಲೈಟು ಮಿಣಮಿಣ ಅಂತ ಹೊಡೆಯಿತು. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಅದಕ್ಕೆ ಹೊಂದದಿದ್ದರೆ ಹಾಗೇ. ಇಷ್ಟಾದ ಮೇಲೆ ವಿಡಿಯೊನಾದರೂ ಚೆನ್ನಾಗಿರಬೇಕಲ್ವಾ? ಜನ ತುಂಡು ತುಂಡಾಗಿ ನಡೆದ ಹಾಗೆ ಕಂಡರು. ಎರಡೂ ಕೆಟ್ಟವು.

ಕಾರ್ಡ್ ಉಳಿಸಲು ಕಂಪ್ರೆಸ್ ಆದ ಫಾರ್ಮ್ಯಾಟ್ ಇಟ್ಟಿದ್ದೆ, ಅದೂ ಹೊಡೆತ ಕೊಟ್ಟಿತು. ಅದರಲ್ಲಿ ಕೆಲವೇ ಫ್ರೇಮ್ ಪೂರ್ತಿಯಾಗಿರುತ್ತವೆ. ಉಳಿದವುಗಳಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ನಾನು ಆರಿಸುವ ಫ್ರೇಮ್ ಪೂರ್ತಿಯದೇ ಆಗಿರುತ್ತದೆ ಅನ್ನುವ ಖಾತ್ರಿ ಇಲ್ಲ.

ಪ್ರೂಫ್ ತೋರಿಸಲು ಹೋದಾಗ ಹುಡುಗಿಯ ಅಜ್ಜಿ ಕನ್ನಡಕ ಹಾಕಿಕೊಂಡು ಪುಟವನ್ನು ಕಿಟಕಿ ಹತ್ತಿರ ಹಿಡಿದರು. "ಏನಪ್ಪಾ, ನಮ್ಮ ಮಗು ಕೈಯೇ ಕಾಣ್ಸಲ್ವಲ್ಲ" ಅಂದರು. ಅವರಿಗೆ ಶಟರ್ ವಿಷಯ ಏನಂತ ಹೇಳಲಿ? ಬಾಕಿ ಹಣ ಕೇಳಲಿಲ್ಲ. ಆ ಮನೆಯಿಂದ ಬರಬೇಕಿದ್ದ ಇನ್ನೆರಡು ಕೆಲಸವೂ ಬರಲಿಲ್ಲ.

ಕೊನೆಗೆ ಆ ಪುಟ ಉಳಿಸಿದ್ದು ಹುಡುಗಿಯ ಸೋದರಮಾವ. ಅವರ ಹತ್ತಿರ 10 ಮೆಗಾಪಿಕ್ಸೆಲ್‌ನ ಹಳೇ ಪುಟ್ಟ ಕ್ಯಾಮೆರಾ ಇತ್ತು. ನನ್ನ ಪಕ್ಕದಲ್ಲೇ ನಿಂತು ಫ್ಲಾಶ್ ಹಾಕಿ ಒಂದೇ ಒಂದು ಫೋಟೊ ಹೊಡೆದಿದ್ದರು. ಅದರಲ್ಲಿ ಎಲೆಯ ನರ ಕಾಣುತ್ತಿತ್ತು, ಬೆರಳಿಗೆ ಅಂಟಿದ ಬೆಲ್ಲ ಕಾಣುತ್ತಿತ್ತು, ಗಾಳಿಯಲ್ಲಿ ಅಕ್ಷತೆ ಕಾಳು ಕಾಳಾಗಿ ನಿಂತಿತ್ತು. ಫ್ಲಾಶ್‌ನ ಬೆಳಕು ಇರುವುದೇ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು, ಎಷ್ಟೋ ಸಲ ಇನ್ನೂ ಕಡಿಮೆ. ವಿಡಿಯೊಗೆ ಆ ಬೆಳಕು ಉಪಯೋಗಕ್ಕೇ ಬರುವುದಿಲ್ಲ. ಅವರನ್ನು ಕೇಳಿಕೊಂಡು ಅದನ್ನೇ 8×12 ಹಾಕಿಸಿದೆ.

ಹಾಗಾಗಿ, ವಿಡಿಯೊ ರೆಸಲ್ಯೂಷನ್ ಎಷ್ಟಾದರೆ ಸ್ಟಿಲ್ ಮುಗಿಯುತ್ತದೆ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಫುಲ್ ಎಚ್‌ಡಿ ವಿಡಿಯೊ ತಂದಾಗಿನಿಂದ ಸ್ಟಿಲ್ ಕ್ಯಾಮೆರಾ ವಿಡಿಯೊ ಕಲಿಯುತ್ತಲೇ ಇದೆ. 2021ರ ನಿಕಾನ್ ಝಡ್9ರಲ್ಲಿ ಮೆಕ್ಯಾನಿಕಲ್ ಶಟರ್ರೇ ಇಲ್ಲ. 11 ಮೆಗಾಪಿಕ್ಸೆಲ್‌ನಲ್ಲಿ ಸೆಕೆಂಡಿಗೆ 120 ಫೋಟೊ ತೆಗೆಯುತ್ತದೆ. ನೋಡಿದರೆ ವಿಡಿಯೊನೇ. ಆದರೆ ಬೆಳಕು ಎಷ್ಟು ಹೊತ್ತು ಬೀಳಬೇಕು ಅನ್ನುವುದನ್ನು ಅಲ್ಲಿ ಫೋಟೊ ತೆಗೆಯುವವನು ಫೋಟೊಗೋಸ್ಕರ ಆರಿಸುತ್ತಾನೆ. ನನಗೆ ವ್ಯತ್ಯಾಸ ಅಷ್ಟೇ, ಅದೇ ದೊಡ್ಡದು.

ಅಲ್ಲಾಡದ ವಿಷಯಕ್ಕೆ ಫ್ರೇಮ್ ತೆಗೆದುಕೊಳ್ಳಿ, ನನ್ನ ತಕರಾರಿಲ್ಲ. ಮಂಟಪದ ಅಲಂಕಾರ, ಊಟದ ಎಲೆ, ಆರತಿ ತಟ್ಟೆಗೆ ಈಗಲೂ ನಾನು ಹಾಗೇ ಮಾಡುತ್ತೇನೆ. ಧಾರೆ ಹೊತ್ತಿಗೆ ಮಾತ್ರ ವಿಡಿಯೊ ಕ್ಯಾಮೆರಾ ಟ್ರೈಪಾಡ್ ಮೇಲೆ, ನನ್ನ ಕೈಯಲ್ಲಿ ಸ್ಟಿಲ್. ಆ ಹುಡುಗನನ್ನೂ ವಾಪಸ್ ಕರೆದುಕೊಂಡೆ.

ಮಾರುವ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಮನೆಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಯಾರನ್ನಾದರೂ ನಿಲ್ಲಿಸಿ ಒಂದು ಹಿಡಿ ಅಕ್ಕಿ ಎರಚಲು ಹೇಳಿ. ಒಮ್ಮೆ 8ಕೆಯಲ್ಲಿ 1/50 ಇಟ್ಟು ತೆಗೆಯಿರಿ, ಒಮ್ಮೆ ಫ್ಲಾಶ್ ಹಾಕಿ. ಎರಡನ್ನೂ 12×18 ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಡಿ. ಅದನ್ನು ನೋಡಿದ ಮೇಲೂ ಮಾರಬೇಕು ಅನಿಸಿದರೆ, ಫ್ಲಾಶ್ ಒಂದನ್ನಾದರೂ ಇಟ್ಟುಕೊಳ್ಳಿ.