ಹೊಟ್ಟೆಬಟ್ಟೆಗೆ ಕೊರತೆ ಇಲ್ಲದವರಿಗೂ ಅಸಮಾನತೆಯಿಂದ ಬಿಪಿ ಬರುತ್ತದೆಯೇ?

ಊಟ, ಔಷಧಿ ಸಿಗದ ಬಡವರಿಗೆ ಕಾಯಿಲೆ ಬರುವುದು ಅರ್ಥವಾಗುತ್ತದೆ, ಆದರೆ ತಕ್ಕಮಟ್ಟಿಗೆ ಉಂಡುಟ್ಟು ಇರುವವರಿಗೂ ಉಳ್ಳವರ-ಇಲ್ಲದವರ ನಡುವಿನ ಅಂತರದಿಂದಲೇ ಬಿಪಿ ಬರುತ್ತದೆ ಎಂದರೆ ನಂಬಬಹುದೇ, ಯೋಗ-ಧ್ಯಾನ ಮಾಡಿದರೆ ಸಾಲದೇ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಒಂದು ಔಷಧಿ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಫಾರ್ಮಾಸಿಸ್ಟ್. ನಂಬಬಹುದು ಎಂದೇ ನನ್ನ ಉತ್ತರ.

ನಮ್ಮಲ್ಲಿಗೆ ಬರುವ ಒಬ್ಬ ಅಕ್ಕ ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಾರೆ. ಮನೆಯಲ್ಲಿ ಜೋಳ, ಅಕ್ಕಿಗೆ ತೊಂದರೆ ಇಲ್ಲ. ಮಗಳ ಕಾಲೇಜಿಗೆಂದು ಸಂಘದಲ್ಲಿ ಸಾಲ ತೆಗೆದಿದ್ದಾರೆ, ಪ್ರತಿ ಮಂಗಳವಾರ ಕಂತು. ಸೋಮವಾರ ಸಂಜೆ ಬಂದರೆ, "ನಾಕ ಗುಳಗಿ ಕೊಡು ತಮ್ಮಾ, ಕಂತ ಮುಗದ ಮ್ಯಾಲೆ ಪಟ್ಟಿ ಒಯ್ತೀನಿ" ಅನ್ನುತ್ತಾರೆ. ಹತ್ತರ ಪಟ್ಟಿಯನ್ನು, ಅವಧಿ ಮುಗಿಯುವ ತಾರೀಖು ಅಚ್ಚಾದ ತುದಿ ಅಂಗಡಿಯಲ್ಲೇ ಉಳಿಯುವ ಹಾಗೆ ಕತ್ತರಿಸಿ ಕೊಡುತ್ತೇನೆ. ಅಂಗಡಿಯ ಮಷೀನಿನಲ್ಲಿ ನೋಡಿದರೆ ಸೋಮವಾರ 164 ಇದ್ದ ಮೇಲಿನ ಬಿಪಿ ಗುರುವಾರ 140ರ ಆಸುಪಾಸಿಗೆ ಬಂದಿರುತ್ತದೆ. ಹೀಗೆ ಎಷ್ಟೋ ವಾರ ನೋಡಿದ್ದೇನೆ. ಒಬ್ಬರ ಅಳತೆ ಹಿಡಿದು ಎಲ್ಲರ ಮಾತು ಹೇಳಲಾಗದು, ನಿಜ. ಆದರೆ ಈ ವಿಷಯವನ್ನು ನಾನು ಹುಡುಕಿ ಓದತೊಡಗಿದ್ದು ಅವರಿಂದಲೇ.

ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಸಿಗುವುದು ಲಂಡನ್ನಿನಲ್ಲಿ, ಅದು ಬಿಪಿಗಿಂತ ಹೆಚ್ಚಾಗಿ ಹೃದಯದ ಕಾಯಿಲೆಯ ಲೆಕ್ಕ. 1967ರಲ್ಲಿ ಅಲ್ಲಿನ ಹದಿನೇಳು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರ ಆರೋಗ್ಯವನ್ನು ಬೆನ್ನುಹತ್ತಿ ನೋಡಲು ಶುರು ಮಾಡಿದರು. ವೈಟ್‌ಹಾಲ್ ಅಧ್ಯಯನ ಎಂದೇ ಅದಕ್ಕೆ ಹೆಸರು. ಅವರಲ್ಲಿ ಯಾರೂ ಹಸಿದವರಲ್ಲ. ಕಾಯಂ ನೌಕರಿ, ಪಿಂಚಣಿ, ಸರ್ಕಾರದ ಉಚಿತ ಚಿಕಿತ್ಸೆ ಎಲ್ಲರಿಗೂ ಇತ್ತು. ಆದರೂ ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ತೀರ ಕೆಳಗಿನ ದರ್ಜೆಯಲ್ಲಿ ಮೇಲಿನ ದರ್ಜೆಯ ಮೂರು ಪಟ್ಟು ಇತ್ತು. ಅಷ್ಟೇ ಅಲ್ಲ, ಮೇಲಿನಿಂದ ಎರಡನೇ ಮೆಟ್ಟಿಲಿನಲ್ಲಿದ್ದವರ ಸ್ಥಿತಿಯೂ ಮೊದಲ ಮೆಟ್ಟಿಲಿನವರಿಗಿಂತ ಕೆಟ್ಟದಾಗಿತ್ತು. ಸಿಗರೇಟು, ಕೊಲೆಸ್ಟ್ರಾಲ್, ಬಿಪಿ ಎಲ್ಲ ಲೆಕ್ಕಕ್ಕೆ ಹಿಡಿದರೂ ಈ ಅಂತರದ ದೊಡ್ಡ ಪಾಲಿಗೆ ಕಾರಣ ಸಿಗಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಎಂಬ ಆರೋಗ್ಯ ಸಂಶೋಧಕರು ಹೆಂಗಸರನ್ನೂ ಸೇರಿಸಿಕೊಂಡು ಎರಡನೇ ಅಧ್ಯಯನ ಶುರು ಮಾಡಿದರು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತ ಇಲ್ಲದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂಬುದು ಅದರಲ್ಲಿ ಕಂಡಿತು.

ಈ ಹಿಡಿತ ಎನ್ನುವ ಮಾತು ನನಗೆ ಸರಿಯಾಗಿ ಅರ್ಥವಾದದ್ದು ಕೌಂಟರಿನ ಮುಂದೆ. ಒಬ್ಬ ಮಾಲೀಕರು ಮತ್ತು ಅವರ ಕಾರಿನ ಡ್ರೈವರ್ ಇಬ್ಬರೂ ಒಂದೇ ಬಿಪಿ ಗುಳಿಗೆ ನುಂಗುತ್ತಾರೆ. ಮಾಲೀಕರು ಮೂರು ತಿಂಗಳಿನದು ಒಮ್ಮೆಗೇ ಒಯ್ಯುತ್ತಾರೆ, ಬೆಳಿಗ್ಗೆ ಉಣಕಲ್ ಕೆರೆ ಸುತ್ತುತ್ತಾರೆ, ತಲೆ ನೋವು ಬಂದರೆ ಆ ದಿನ ಮನೆಯಲ್ಲೇ ಇರುತ್ತಾರೆ. ಡ್ರೈವರಿಗೆ ನಲವತ್ತರ ಹತ್ತಿರ ವಯಸ್ಸು, ಪಗಾರ ತೀರ ಕಡಿಮೆಯೇನಲ್ಲ. ಆದರೆ ಮಧ್ಯಾಹ್ನದ ಊಟ ಒಂದಕ್ಕೋ ನಾಲ್ಕಕ್ಕೋ ಅವನಿಗೇ ಗೊತ್ತಿರುವುದಿಲ್ಲ. "ಇವತ್ತ ಆಗಂಗಿಲ್ರೀ" ಅನ್ನುವ ಮಾತು ಅವನ ಬಾಯಿಂದ ಬರಲಾರದು. ಮಾಲೀಕರು ಕೆಟ್ಟವರೂ ಅಲ್ಲ. ಅವರ ದಿನ ಅವರ ಕೈಯಲ್ಲಿದೆ, ಇವನ ದಿನವೂ ಅವರ ಕೈಯಲ್ಲೇ ಇದೆ.

ದೇಹದೊಳಗೆ ಆಗುವುದು ಇಷ್ಟು. ನಾಯಿ ಬೆನ್ನಟ್ಟಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಇಳಿದು ಬಿಪಿ ಏರಿಸುತ್ತವೆ, ಓಡಲು ಸಕ್ಕರೆ ಒದಗಿಸುತ್ತವೆ. ಹತ್ತು ನಿಮಿಷಕ್ಕೆ ಅದು ಒಳ್ಳೆಯದೇ. ಸಂಘದ ಕಂತು ಐವತ್ತು ವಾರ ಬೆನ್ನಟ್ಟುತ್ತದೆ. ಆಗ ನಿದ್ದೆ ಕೆಡುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ, ರಕ್ತನಾಳ ಪೆಡಸಾಗುತ್ತದೆ. ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾನೂನು ತಂದು ಹತ್ತು ವರ್ಷದವರೆಗೆ ಜೈಲು ಎಂದಿತಲ್ಲ, ನನ್ನ ಕಣ್ಣಿಗೆ ಅದು ಬಿಪಿಯ ಔಷಧಿಯೂ ಹೌದು.

ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ನಾನೇ ತಪ್ಪು ಮಾಡಿದ್ದೇನೆ. ಆ ಅಕ್ಕ ಗುಳಿಗೆ ತಗೊಳ್ಳುವುದನ್ನು ಆಗಾಗ ಮರೆಯುತ್ತಿದ್ದರು. "ಜೀವದ ಕಾಳಜಿ ಇಲ್ಲೇನ್ರೀ ಅಕ್ಕಾರ?" ಎಂದು ನಾಲ್ಕು ಜನರ ಎದುರಿಗೆ ಗದರಿದ್ದೆ. ಆಮೇಲೆ ಓದಿದೆ: 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಯ ಪರೀಕ್ಷೆ ಕೊಟ್ಟಿದ್ದರು. ಅದೇ ರೈತರು ಕಟಾವಿನ ಮೊದಲು ಎದ್ದುಕಾಣುವಷ್ಟು ಕಡಿಮೆ ಅಂಕ ಪಡೆದಿದ್ದರು. ದುಡ್ಡಿನ ಲೆಕ್ಕ ತಲೆಯೊಳಗೆ ಜಾಗ ಹಿಡಿದು ಕೂತರೆ ಬೇರೆಯದಕ್ಕೆ ಜಾಗ ಉಳಿಯುವುದಿಲ್ಲ. ಇದನ್ನು ಓದಿದ ಮೇಲೆ ಹಾವೇರಿ ಕಡೆಯ ನನ್ನ ಮಾವ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗುವವರೆಗೆ ಯಾಕೆ ಹಾಗೆ ಸಿಡುಕುತ್ತಾರೆ ಎಂಬುದೂ ತಿಳಿಯಿತು. ಅಕ್ಕನ ಕ್ಷಮೆ ಕೇಳಿದೆ.

ಯೋಗ, ಧ್ಯಾನ ಖಂಡಿತ ಒಳ್ಳೆಯದು. ಆದರೆ ಅದಕ್ಕೆ ಯಾರೂ ಕರೆಯದ ಅರ್ಧ ತಾಸು ಬೇಕು. ಉಚಿತ ತಪಾಸಣೆಯ ಮಾತೂ ಅಷ್ಟೇ. 2022ರ ಡಿಸೆಂಬರಿನಲ್ಲಿ ಸರ್ಕಾರದ 'ನಮ್ಮ ಕ್ಲಿನಿಕ್'ಗಳಿಗೆ ಚಾಲನೆ ಸಿಕ್ಕಿದ್ದು ನಮ್ಮ ಬೈರಿದೇವರಕೊಪ್ಪದಲ್ಲೇ. ಅಂಥ ಕಡೆ ಬಿಪಿ, ಸಕ್ಕರೆ ನೋಡಿಸಿಕೊಳ್ಳಲು ದುಡ್ಡು ಬೇಕಿಲ್ಲ. ಆದರೆ ಅದು ತೆರೆದಿರುವ ಹೊತ್ತು ಆ ಅಕ್ಕನಂಥವರ ದುಡಿಮೆಯ ಹೊತ್ತು, ಹೋದರೆ ಒಂದು ಮನೆಯ ಕೆಲಸ ತಪ್ಪುತ್ತದೆ. "ಟೆನ್ಶನ್ ಮಾಡ್ಕೋಬ್ಯಾಡ್ರಿ" ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಮನಸ್ಸು ತೀರ ಕುಗ್ಗಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರು ಬರೆದುಕೊಡುತ್ತೇನೆ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಬಿಪಿ ಗುಳಿಗೆಯನ್ನು ಉದ್ರಿ ಕೊಡಲು ನಮ್ಮ ಮಾಲೀಕರೂ ಒಪ್ಪಿದ್ದಾರೆ. ಹಾಗಾಗಿ ಆ ಅಕ್ಕನಿಗೆ ಈಗ ಸೋಮವಾರವೂ ಪೂರ್ತಿ ಪಟ್ಟಿಯನ್ನೇ ಕೊಡುತ್ತೇನೆ, ದುಡ್ಡು ಬುಧವಾರ ಬರುತ್ತದೆ.