ಪ್ರಶ್ನೆ ಯಾರ ಬಾಯಿಂದ ಹುಟ್ಟಬೇಕು?

ಓದುಗರ ಪತ್ರ: "ನಾನು ಫಿಸಿಯೋಥೆರಪಿಸ್ಟ್. ಕಾಯಿಲೆ ಬಂದವರ ಜೀವನದ ಗುಣಮಟ್ಟ ಅಳೆಯುವ ಪ್ರಶ್ನಾವಳಿಗಳು ಆಯಾ ಜನರ ಸಂಸ್ಕೃತಿಗೆ ಹೊಂದಬೇಕು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನೋವು ಎಲ್ಲರಿಗೂ ನೋವೇ ಅಲ್ವಾ? ಜಗತ್ತೆಲ್ಲ ಬಳಸುವ ಪ್ರಶ್ನಾವಳಿಗಳಿವೆ. ಅವನ್ನೇ ಸರಿಯಾಗಿ ಅನುವಾದಿಸಿದರೆ ಸಾಕು. ಒಬ್ಬೊಬ್ಬರು ಒಂದೊಂದು ಅಳತೆಗೋಲು ಹಿಡಿದರೆ ಹೋಲಿಸುವುದು ಹೇಗೆ?"

ಸಂಪಾದಕರ ಉತ್ತರ: ದಿನವೂ ರೋಗಿಗಳನ್ನು ಕೈಹಿಡಿದು ನಡೆಸುವವರು ಈ ಪ್ರಶ್ನೆ ಕೇಳಿದ್ದು ನನಗೆ ಖುಷಿ. ಹೋಲಿಕೆ ಬೇಕು, ಒಪ್ಪಿದೆ. ಒಂದು ಔಷಧಿಯನ್ನು ಹತ್ತು ದೇಶಗಳಲ್ಲಿ ಪರೀಕ್ಷಿಸುವಾಗ ಹತ್ತು ಅಳತೆ ಇಟ್ಟುಕೊಂಡು ಏನೂ ಹೇಳಲಾಗದು. ಆದರೆ "ಅನುವಾದಿಸಿದರೆ ಸಾಕು" ಅಂದಿರಲ್ಲ, ಆ "ಸಾಕು" ನನಗೆ ಒಪ್ಪಿಗೆಯಾಗಲಿಲ್ಲ.

ನನ್ನ ತಾಯಿಗೆ ಮಂಡಿ ಆಪರೇಷನ್ ಆದ ಮೇಲೆ ಒಬ್ಬ ಹುಡುಗಿ ಫಾರಂ ಹಿಡಿದು ಬಂದಳು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಓದಿದಳು: "ಕಳೆದ ನಾಲ್ಕು ವಾರಗಳಲ್ಲಿ ನಿಮ್ಮ ದೈನಂದಿನ ಚಟುವಟಿಕೆಗಳಿಗೆ ಎಷ್ಟರ ಮಟ್ಟಿಗೆ ಅಡಚಣೆ ಉಂಟಾಗಿದೆ?" ಅಮ್ಮ ನನ್ನ ಮುಖ ನೋಡಿದರು. ಆಮೇಲೆ "ಏನೂ ಅಡಚಣೆ ಇಲ್ಲಮ್ಮ, ಎಲ್ಲಾ ಮಕ್ಕಳೇ ಮಾಡ್ತಾರೆ" ಅಂದರು. ಹುಡುಗಿ "ಇಲ್ಲವೇ ಇಲ್ಲ" ಅನ್ನುವ ಚೌಕದಲ್ಲಿ ಟಿಕ್ ಹಾಕಿಕೊಂಡಳು. ಆ ತಿಂಗಳು ಅಮ್ಮ ಯಾರನ್ನಾದರೂ ಹಿಡಿದುಕೊಳ್ಳದೆ ಬಚ್ಚಲಿಗೂ ಹೋಗುತ್ತಿರಲಿಲ್ಲ. ರಾತ್ರಿ ನನ್ನ ಹತ್ತಿರ ಹೇಳಿದ್ದು ಇಷ್ಟೇ: "ಕಾಲು ನೋವು ತಡಕೋಬಹುದು. ಇನ್ನೊಬ್ಬರ ಕೈಲಿ ಮಾಡಿಸ್ಕೊಳ್ಳೋದು ತಡಕೊಳ್ಳಕ್ಕಾಗಲ್ಲ." ಅದನ್ನು ಬರೆದುಕೊಳ್ಳಲು ಫಾರಂನಲ್ಲಿ ಜಾಗವೇ ಇರಲಿಲ್ಲ. ಹುಡುಗಿಯದು ಏನೂ ತಪ್ಪಿಲ್ಲ. ಕೈಗೆ ಕೊಟ್ಟಿದ್ದನ್ನು ಓದಿದಳು.

ಎಸ್‌ಎಫ್-36 ಅನ್ನುವ ಹೆಸರಾಂತ ಪ್ರಶ್ನಾವಳಿ ನೀವೂ ಬಳಸಿರಬಹುದು. 36 ಪ್ರಶ್ನೆ. ಸಾಧಾರಣ ಶ್ರಮದ ಕೆಲಸಕ್ಕೆ ಅದರ ಇಂಗ್ಲಿಷ್ ಮೂಲ ಕೊಡುವ ಉದಾಹರಣೆ ಏನು ಗೊತ್ತೇ? ಮೇಜು ಸರಿಸುವುದು, ವ್ಯಾಕ್ಯೂಮ್ ಕ್ಲೀನರ್ ತಳ್ಳುವುದು, ಬೌಲಿಂಗ್ ಅಥವಾ ಗಾಲ್ಫ್ ಆಡುವುದು. ಗಾಲ್ಫ್ ಮೈದಾನವನ್ನೇ ನೋಡದವರು ಇದಕ್ಕೆ ಏನು ಹೇಳಬೇಕು? "ಆಗಲ್ಲ" ಅಂದರೆ ಅದು ಸೊಂಟದ ತೊಂದರೆಯೋ, ಆಟ ಬಾರದ್ದೋ? ಬೇರೆ ಭಾಷೆಗೆ ತರುವಾಗ ಅಷ್ಟೇ ಶ್ರಮ ಬೇಡುವ, ಅಲ್ಲಿನ ಜನ ನಿಜವಾಗಿ ಮಾಡುವ ಕೆಲಸ ಹುಡುಕಬೇಕು. ಡಿಕ್ಷನರಿ ಇದಕ್ಕೆ ಉಪಯೋಗಕ್ಕೆ ಬರಲ್ಲ.

ಅನುವಾದವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ತಾಳೆ ನೋಡ್ತಾರಲ್ಲ ಅನ್ನಬಹುದು. ಅದು ಬೇಕಾದ ಪರೀಕ್ಷೆಯೇ. ಆದರೆ ಅದೇ ಪ್ರಶ್ನಾವಳಿಯ ಮೊದಲ ಆವೃತ್ತಿಯಲ್ಲಿ ಮನಸ್ಸು ಕುಗ್ಗಿದ್ದನ್ನು ಕೇಳಲು "ಬ್ಲೂ" ಅನ್ನುವ ಪದ ಇತ್ತು. ಯಾರಾದರೂ ಅದನ್ನು "ನೀಲಿ" ಅಂತ ಬರೆದರು ಅಂದುಕೊಳ್ಳಿ. ವಾಪಸ್ ಹೋಗುವಾಗ ಅದು "ಬ್ಲೂ" ಆಗಿಯೇ ಹೋಗುತ್ತದೆ. ತಾಳೆ ಸರಿಯಾಯಿತು, ಕೇಳಿಸಿಕೊಂಡವರಿಗೆ ಮಾತ್ರ ಏನೂ ತಿಳಿಯಲಿಲ್ಲ. "ಮನಸ್ಸಿಗೆ ಬೇಜಾರಾಗಿತ್ತಾ?" ಅಂತ ಬರೆದಿದ್ದರೆ ತಾಳೆ ಸ್ವಲ್ಪ ತಪ್ಪುತ್ತಿತ್ತು, ಉತ್ತರ ಸರಿಯಾಗಿ ಬರುತ್ತಿತ್ತು.

ಬೇರೆ ದಾರಿ ಇಲ್ಲ ಅಂತೇನಿಲ್ಲ. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಶ್ನಾವಳಿಯನ್ನು ಒಂದೇ ದೇಶದಲ್ಲಿ ಬರೆದು ಹಂಚಲಿಲ್ಲ. ಜಗತ್ತಿನ 15 ಕೇಂದ್ರಗಳಲ್ಲಿ ಒಟ್ಟಿಗೇ ಕೆಲಸ ಶುರುವಾಯಿತು. ಚೆನ್ನೈ, ದೆಹಲಿಗಳೂ ಅದರಲ್ಲಿದ್ದವು. ಮೊದಲು ಜನರನ್ನು ಗುಂಪಾಗಿ ಕೂರಿಸಿ ಮಾತಾಡಿಸಿದರು. ಕಾಯಿಲೆಯವರು, ಆರೋಗ್ಯವಂತರು, ಚಿಕಿತ್ಸೆ ಕೊಡುವವರು, ಎಲ್ಲರನ್ನೂ. 236 ಪ್ರಶ್ನೆ ಇಟ್ಟುಕೊಂಡು ಪರೀಕ್ಷಿಸಿ, ಸೋಸಿ, 100ಕ್ಕೆ ಇಳಿಸಿದರು. ಆಮೇಲೆ 26 ಪ್ರಶ್ನೆಗಳ ಚಿಕ್ಕ ರೂಪವೂ ಬಂತು. ನನಗೆ ತುಂಬ ಹಿಡಿಸಿದ್ದು ಉತ್ತರದ ಪದಗಳನ್ನು ಆರಿಸಿದ ರೀತಿ. ಹತ್ತು ಸೆಂಟಿಮೀಟರ್ ಗೆರೆ ಎಳೆದು, ಒಂದು ತುದಿಗೆ "ಇಲ್ಲವೇ ಇಲ್ಲ", ಇನ್ನೊಂದಕ್ಕೆ "ವಿಪರೀತ" ಎಂಬಂಥ ಪದ ಇಟ್ಟು, ನಡುವಿನ ಪದಗಳು ಎಲ್ಲಿ ಬೀಳುತ್ತವೆ ಅಂತ ಆಯಾ ಭಾಷೆಯವರ ಕೈಲೇ ಗುರುತು ಹಾಕಿಸಿದರು. ಕಾಲು, ಅರ್ಧ, ಮುಕ್ಕಾಲರ ಹತ್ತಿರ ಬಿದ್ದ ಪದಗಳನ್ನು ಉಳಿಸಿಕೊಂಡರು. ನಮ್ಮ "ಪರವಾಗಿಲ್ಲ" ಆ ಗೆರೆಯ ಮೇಲೆ ಎಲ್ಲಿ ಬೀಳುತ್ತದೆ, ಹೇಳಿ ನೋಡೋಣ. ಚೆನ್ನಾಗಿರುವವರೂ ಹಾಗಂತಾರೆ, ಹಲ್ಲು ಕಚ್ಚಿ ಸಹಿಸಿಕೊಂಡವರೂ ಹಾಗಂತಾರೆ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರಲ್ಲಿ ಒಬ್ಬರಾದ ವೈದ್ಯ ಮೇಸನ್ ಡ್ಯೂರಿ 1980ರ ದಶಕದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಯ ಮನೆಗೆ ಹೋಲಿಸಿದರು. ದೇಹ, ಮನಸ್ಸು, ಕುಟುಂಬ, ಆತ್ಮ. ಒಂದು ಗೋಡೆ ಕುಸಿದರೂ ಮನೆ ನಿಲ್ಲಲ್ಲ. ದೇಹ, ಮನಸ್ಸು ಎರಡನ್ನೇ ಕೇಳಿ ಎದ್ದು ಬರುವ ಫಾರಂ ಅವರಿಗೆ ಅರ್ಧ ಮನೆಯನ್ನಷ್ಟೇ ತೋರಿಸುತ್ತದೆ.

ಹೋಲಿಕೆ ಬೇಕು ಅನ್ನುವ ನಿಮಗೇ ಇದೆಲ್ಲ ಜಾಸ್ತಿ ಮುಖ್ಯ. ಪ್ರಶ್ನೆ ಅರ್ಥವಾದವರ ಅಂಕಿಯನ್ನೂ ಅರ್ಥವಾಗದವರ ಅಂಕಿಯನ್ನೂ ಪಕ್ಕಪಕ್ಕ ಇಟ್ಟರೆ ಅದು ಎಂಥ ಹೋಲಿಕೆ? ಬರೀ ಈ ಪ್ರಶ್ನಾವಳಿಗಳ ಮಾತಲ್ಲ. ಆಪರೇಷನ್‌ಗೆ ಮೊದಲು ಸಹಿ ಹಾಕಿಸುವ ಒಪ್ಪಿಗೆ ಪತ್ರ, ಮಾತ್ರೆ ಡಬ್ಬಿಯೊಳಗಿನ ಚೀಟಿ, ವಿಮೆಯ ಕಾಗದ, ಎಲ್ಲವೂ ಯಾರೂ ಆಡದ ಭಾಷೆಯಲ್ಲಿವೆ. ಓದಿ ತಿಳಿಯದಿದ್ದರೆ ತಪ್ಪು ಓದಿದವರದ್ದಂತೆ. ಇದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ನಿಮ್ಮಲ್ಲೊಂದು ಕೋರಿಕೆ. ಈ ವಾರ ಫಾರಂ ತುಂಬಿಸುವಾಗ, ಐದು ಜನರ ಹತ್ತಿರ ಟಿಕ್ ಹಾಕುವ ಮೊದಲು ಕೇಳಿ: "ಈ ಪ್ರಶ್ನೆ ನಿಮಗೆ ಏನು ಕೇಳ್ತಿದೆ ಅನ್ನಿಸ್ತು?" ಹೆಸರು ಬೇಡ. ಅವರು ಹೇಳಿದ್ದನ್ನು ಅವರದೇ ಮಾತಲ್ಲಿ ಬರೆದು ಕಳಿಸಿ, ಈ ಪುಟದಲ್ಲೇ ಹಾಕುತ್ತೇನೆ.

– ಸಂ.